ಕುದುರೆಯ ಬಾಣಂತನಕ್ಕೆ ಊರು ಹುಡುಕಿದ್ದು

ಪಶುವೈದ್ಯರು ಕುದುರೆಯ ಹೊಟ್ಟೆಯ ಮೇಲಿಂದ ಕೈ ತೆಗೆದು ಬಕೆಟ್ಟಿನ ನೀರಿನಲ್ಲಿ ಅದ್ದಿಕೊಂಡರು. ನಾನು ಟವೆಲು ಹಿಡಿದು ನಿಂತಿದ್ದೆ. ಮರಿ ಚೆನ್ನಾಗಿ ಬೆಳೀತಾ ಇದೆ ಎಂದರು. ನಮ್ಮ ಯಜಮಾನರು ಅಲ್ಲೇ ಕೈ ಮುಗಿದರು. ಡಾಕ್ಟರು ಒಂದೊಂದೇ ಬೆರಳು ಒರೆಸಿಕೊಳ್ಳುತ್ತ, “ಈ ಸಲಾನೂ ಇಲ್ಲೇ ಇಟ್ಕೊಂಡ್ರೆ ನಾನೇನೂ ಹೇಳಕ್ಕಾಗಲ್ಲ. ಎಲ್ಲಾದ್ರೂ ಸದ್ದಿಲ್ಲದ ಊರಿಗೆ ಕರ್ಕೊಂಡು ಹೋಗಿ,” ಎಂದು ಸ್ಕೂಟರ್ ಹತ್ತಿದರು.

ಸದ್ದಿಲ್ಲದ ಊರು ಅಂದರೆ ಯಾವುದು? ಟವೆಲು ಹಿಂಡಿ ಹಗ್ಗಕ್ಕೆ ಹಾಕುವಾಗ ನನಗೆ ಆ ಪ್ರಶ್ನೆ ಬಂತು. ಅಷ್ಟರಲ್ಲಿ ಸ್ಕೂಟರ್ ಬೀದಿಯ ತಿರುವು ದಾಟಿತ್ತು.

ನಮ್ಮ ಮನೆ ಕೊಳ್ಳೇಗಾಲದ ನೇಕಾರರ ಬೀದಿಯ ಕೊನೆಯದು. ನಾವು ನೇಕಾರರಲ್ಲ. ನಮ್ಮ ಮಾವನವರು ಬಸ್ ಸ್ಟ್ಯಾಂಡಿನಿಂದ ಜಟಕಾ ಓಡಿಸುತ್ತಿದ್ದರು, ರೇಷ್ಮೆ ಸೀರೆಯ ಗಂಟುಗಳನ್ನೂ ಸೀರೆ ಕೊಳ್ಳಲು ಬರುವವರನ್ನೂ ಸಾಗಿಸುತ್ತಿದ್ದರು. ಆಟೋಗಳು ಬಂದ ಮೇಲೆ ಗಾಡಿ ಹಿತ್ತಲಿನಲ್ಲಿ ಕೋಳಿ ಕೂರುವ ಜಾಗವಾಯಿತು. ಕುದುರೆ ಕಟ್ಟುವುದನ್ನು ಮಾತ್ರ ನಮ್ಮ ಯಜಮಾನರು ಬಿಡಲಿಲ್ಲ. ಮದುವೆಯ ಮೆರವಣಿಗೆಗೆ, ಒಸಗೆಗೆ, ದೇವರ ಉತ್ಸವಕ್ಕೆ ಕುದುರೆ ಒದಗಿಸುತ್ತ ಬಂದರು. ಈಗ ಇರುವುದು ಎರಡು. ಬಿಳಿಯದು ಗಂಡು, ಕಂದು ಬಣ್ಣದ್ದು ಹೆಣ್ಣು. ಹೆಸರಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ‘ಅವನು’, ‘ಅವಳು’ ಎಂದರೆ ನಮಗೆ ತಿಳಿಯುತ್ತದೆ.

ಲಾಯದ ಹಿಂದೆ ಮೊದಲು ಒಂದು ಹುಣಿಸೆಮರ ಮತ್ತು ಬಯಲು ಇತ್ತು. ಈಗ ಅಲ್ಲಿ ಕಲ್ಯಾಣ ಮಂಟಪವಿದೆ. ವಾಲಗ, ಬ್ಯಾಂಡು ನಮ್ಮ ಕುದುರೆಗಳಿಗೆ ಹೊಸದೇನಲ್ಲ, ಅದರ ಮುಂದೆಯೇ ಹೆಜ್ಜೆ ಹಾಕಿ ಬೆಳೆದವು. ಲಾರಿಯಲ್ಲಿ ಬರುವ ದೊಡ್ಡ ದೊಡ್ಡ ಪೆಟ್ಟಿಗೆಗಳ ಹಾಡು, ಆಮೇಲೆ ಆ ಸರಪಟಾಕಿ, ಅವು ಬೇರೆ. ಹಿಂದಿನ ವರ್ಷ ಅವಳು ಗಬ್ಬವಿದ್ದಾಗ ಮಂಟಪದಲ್ಲಿ ಪಟಾಕಿ ಹೊಡೆದರು. ಹಗ್ಗ ಹರಿದು ಗೋಡೆಗೆ ಹಾಯ್ದಳು. ಮರುದಿನ ಕಂದು ಹಾಕಿದಳು, ದಿನ ತುಂಬದ ಸತ್ತ ಮರಿ. ಹುಲ್ಲು ಮುಟ್ಟದೆ, ಅದು ಬಿದ್ದ ಜಾಗವನ್ನೇ ಮೂಸುತ್ತ ಎಷ್ಟೋ ದಿನ ನಿಂತಿದ್ದಳು. ಇನ್ನೊಮ್ಮೆ ಹಾಗಾದರೆ ತಾಯಿಯೂ ಉಳಿಯುವುದು ಕಷ್ಟ ಎಂದು ಡಾಕ್ಟರು ಆಗಲೇ ಹೇಳಿದ್ದರು.

ಮದುವೆಯಿಂದಲೇ ಅನ್ನ ತಿನ್ನುವವರು ಮದುವೆಯ ಸದ್ದಿಗೆ ಹೆದರಿ ಊರು ಬಿಡುವುದು! ಯಾರಿಗೆ ಹೇಳಿದರೂ ನಗುತ್ತಿದ್ದರು. ಪಕ್ಕದ ಮನೆಯ ಮಗ್ಗದಾಕೆ, ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ, ಕಾಲು ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟುಕೊಂಡು ನೇಯುತ್ತಲೇ, “ನಮ್ಮ ಮಗ್ಗದ ಸದ್ದಿಗೂ ತೊಂದ್ರೆನಾ ಅಕ್ಕಾ?” ಎಂದು ಕೇಳಿದಳು. ಅದು ನನಗೆ ಹೊಳೆದೇ ಇರಲಿಲ್ಲ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಗೋಡೆಯಾಚೆ ಟಕ್ ಟಕ್ ಎನ್ನುವ ಮಗ್ಗ, ಈಚೆ ಸಂಜೆಯಾದರೆ ಲಾಯದ ಮುಂದೆ ಕೂತು ನಾನು ಹುರುಳಿ ಜರಡಿ ಹಿಡಿಯುವ ಸದ್ದು. ಇವೂ ಸದ್ದೇ ಅಲ್ಲವೇ? ಡಾಕ್ಟರು ಹೇಳಿದ್ದು ಇವನ್ನೂ ಸೇರಿಸಿಯೋ, ಬಿಟ್ಟೋ?

ಮೊದಲು ನೋಡಿದ್ದು ಯಳಂದೂರು ತಾಲ್ಲೂಕಿನ ಅಗರ. ನಮ್ಮ ಯಜಮಾನರ ಅಕ್ಕನ ಊರು. ಹಿತ್ತಲಿನ ಕೊಟ್ಟಿಗೆ ಖಾಲಿಯಿದೆ ಎಂದು ಗೊತ್ತಿತ್ತು. ಟಿವಿಎಸ್ ನಿಲ್ಲಿಸುವ ಮೊದಲೇ ಅಕ್ಕ ಜಗಲಿಯಿಂದ ಶುರು ಮಾಡಿದರು.

“ಏನ್ಲಾ, ಕುದ್ರ ಬಾಣಂತನಕ್ಕ ತವರು ಹುಡ್ಕಂಡು ಬಂದಿದ್ದೀಯಂತಲ್ಲ. ನನ್ನ ಬಾಣಂತನಕ್ಕ ಒಂದು ಕೋಳಿ ತರ್ನಿಲ್ಲ ನೀನು.”

“ಅದ್ಕೇ ಈಗ ಕುದ್ರೆನೇ ತತ್ತಾ ಇವ್ನಿ ಕಣಕ್ಕ,” ಎಂದರು ಇವರು.

“ತಕಬಾ ತಕಬಾ. ಸೀಗೆಕಾಯಿ ಕಾಯಿಸಿ ಎರಿತೀನಿ.”

ಕಾಫಿ ಕುಡಿದು ಹಿತ್ತಲಿಗೆ ಹೋದೆವು. ಕೊಟ್ಟಿಗೆಯ ಆಚೆ ಕಾಲುವೆ, ಅದರಾಚೆ ಗದ್ದೆ ಬಯಲು. ಹುಲ್ಲು ಬೇಕಾದಷ್ಟು. ಬೆಳ್ಳಕ್ಕಿಗಳು ಬಿಟ್ಟರೆ ಯಾರೂ ಇಲ್ಲ. ನಾನು ಮನಸ್ಸಿನಲ್ಲೇ ಹುರುಳಿ ಮೂಟೆ ಎಲ್ಲಿಡುವುದು, ಗೂಟ ಎಲ್ಲಿ ಹೊಡೆಯುವುದು ಎಂದು ಹೊಂದಿಸಲು ಶುರು ಮಾಡಿದ್ದೆ. ನಮ್ಮ ಯಜಮಾನರು ಚಪ್ಪಲಿ ಬಿಟ್ಟು ನೆಲದ ಮೇಲೆ ನಿಂತರು. ಬೆರಳ ಸಂದಿಯಲ್ಲಿ ನೀರು ಬಂತು.

“ಅದ್ನೇ ಏಳ್ಬೇಕು ಅಂತಿದ್ದಿ,” ಎಂದರು ಅಕ್ಕ. “ಕಾಲುವ ಬುಟ್ಟಾಗ ಕೊಟ್ಗ ತುಂಬ ತ್ಯಾವ. ಗೊರಸು ಕೊಳ್ತೋದ್ರ ನನ್ನ ಬೈಬ್ಯಾಡ ಕಣ್ಲಾ. ಆಮ್ಯಾಕ ಕುಯ್ಲು ಬಂದ್ರ ಮಿಷನ್ನು ಬತ್ತದ, ಮೂರೂರ್ಗ ಕೇಳ್ತದ ಅದರ ಸದ್ದು.”

ಗೊರಸು ಕೊಳೆತರೆ ಕುದುರೆ ನಿಲ್ಲಲಾರದು. ನಿಲ್ಲಲಾರದ ಕುದುರೆ ಮರಿ ಹೊರಲಾರದು. ಅಗರ ಬೇಡವೆಂದಾಯಿತು.

ಎರಡನೆಯದು ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ. ಮಗನ ಮದುವೆಗೆ ನಮ್ಮಿಂದ ಕುದುರೆ ಕರೆಸಿದ್ದ ರೈತರೊಬ್ಬರ ಜಮೀನು. ಹುಚ್ಚೆಳ್ಳು ಕಿತ್ತ ಹೊಲ, ಒಣ ನೆಲ, ಒಂದು ಬಾವಿ, ಹೆಂಚಿನ ಮನೆ. ಅಲ್ಲಿ ಎಷ್ಟು ನಿಶ್ಶಬ್ದವೆಂದರೆ ನಾನು ಸೆರಗು ಸರಿಮಾಡಿಕೊಂಡರೆ ನನ್ನ ಬಳೆ ನನಗೇ ಜೋರಾಗಿ ಕೇಳಿಸಿತು. ನಮ್ಮ ಯಜಮಾನರು ನೆಲ ಮೆಟ್ಟಿ ನೋಡಿ, ಬಾವಿ ಇಣುಕಿ ನೋಡಿ, “ಇದೇ ಕಣೆ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

“ಇಲ್ಲಿ ಸದ್ದೇ ಇಲ್ವಲ್ಲ,” ಎಂದು ರೈತರನ್ನು ಹೊಗಳಿದರು.

“ಅಗಲೊತ್ತು ಎಲ್ಲಿದ್ದದು ಸಾ ಸದ್ದು,” ಎಂದ ಅವರು ಒಳಗೆ ಹೋಗಿ ಗೋಣಿಚೀಲವೊಂದನ್ನು ಎಳೆದು ತಂದರು. ಚೀಲದ ತುಂಬ ಪಟಾಕಿ. “ಒತ್ತು ಮುಳುಗಿದ್ರ ಇದೇ ನಮ್ ಕೆಲಸ. ಆನ ಬಂದ್ರ ಈ ದೊಡ್ಡದು. ಅಂದಿ ಬಂದ್ರ ಈ ಚಿಕ್ಕದು.”

“ಹುಲಿ ಬಂದ್ರೆ?” ಎಂದೆ ನಾನು.

“ಉಲಿ ಬಂದ್ರ ನಾವೇ ಸದ್ದು ಮಾಡಕಿಲ್ಲ ಕಣಮ್ಮ.”

ಅವರ ಹೆಂಡತಿ ಕಡಲೆಕಾಯಿ ಬೇಯಿಸಿ ಕೊಟ್ಟರು. ತಿನ್ನುತ್ತ ಬೆಟ್ಟ ನೋಡುತ್ತ ಕೂತೆವು. ಮಂಟಪದ ಪಟಾಕಿಗೆ ಹೆದರಿ ಬಂದವರು ಆನೆಯ ಪಟಾಕಿಯ ಚೀಲದ ಪಕ್ಕದಲ್ಲಿ ಕೂತಿದ್ದೆವು. ಮಂಟಪದಲ್ಲಾದರೂ ಮುಹೂರ್ತ ನೋಡಿ ಹೊಡೆಯುತ್ತಾರೆ.

ಆಮೇಲೆ ನಾನು ಸಿಕ್ಕಸಿಕ್ಕವರನ್ನು ಕೇಳತೊಡಗಿದೆ. ತರಕಾರಿಯವಳು ಹನೂರು ದಾಟಿ ಹೋಗಿ ಎಂದಳು. ಲಾಳ ಕಟ್ಟುವವನು, ಹನೂರಿನ ರಸ್ತೆ ಬೇಡ, ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳು ನಿಲ್ಲುವುದೇ ಇಲ್ಲ ಎಂದ. ಹಿಟ್ಟಿನ ಗಿರಣಿಯವರು, ಕುದುರೆಗೆ ಕಿವಿಯಲ್ಲಿ ಹತ್ತಿ ತುರುಕಿ ಎಂದರು. ಮುದ್ದೆ ತಿರುವುತ್ತ ತಿರುವುತ್ತ ಎಲ್ಲರ ಮಾತೂ ಒಂದಾಗಿ ಗಂಟು ಕಟ್ಟುತ್ತಿತ್ತು. ಅವಳ ಹೊಟ್ಟೆ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಮಂಟಪದ ಗೇಟಿಗೆ ಮುಂದಿನ ಮದುವೆಯ ಬೋರ್ಡು ಕಟ್ಟಿದ್ದರು.

ಒಣಹುಲ್ಲು ತರುವವನು ಹೇಳಿದ ಮೇಲೆ ಮೂರನೆಯ ಊರಿಗೆ ಹೋದದ್ದು. ಕಾಮಗೆರೆ ಕಳೆದು ಹನೂರಿನ ದಾರಿಯಿಂದ ಒಳಗೆ ಹೋಗುವ ಮಣ್ಣಿನ ರಸ್ತೆಯ ಹಳ್ಳಿ. ಊರ ಹೆಸರು ಬೇಡ. ಸುತ್ತ ಹಿಪ್ಪುನೇರಳೆ ತೋಟಗಳು, ಮನೆಗೊಂದು ರೇಷ್ಮೆಹುಳ ಸಾಕುವ ಉದ್ದನೆಯ ಶೆಡ್ಡು. ನಾವು ತಲುಪಿದಾಗ ಬೆಳಗ್ಗೆ ಹತ್ತು ಗಂಟೆಯ ಹೊತ್ತು. ಇಡೀ ಊರು ಮಲಗಿತ್ತು. ಜಗಲಿಯ ಮೇಲೆ ಗಂಡಸರು, ಪಡಸಾಲೆಯಲ್ಲಿ ಹೆಂಗಸರು, ಬೀದಿಯ ನಡುವೆ ನಾಯಿ. ಟಿವಿಎಸ್ ಸದ್ದಿಗೂ ಯಾರೂ ಏಳಲಿಲ್ಲ.

ಖಾಲಿ ಕೊಟ್ಟಿಗೆಯಿದೆ ಎಂದು ಹುಲ್ಲಿನವನು ಹೇಳಿದ್ದ ಮನೆಯ ಯಜಮಾನತಿ ನನಗಿಂತ ಹಿರಿಯರು. ಗಂಡನಿಗೆ ಕಿವಿ ಮಂದ, ಹಾಗಾಗಿ ವ್ಯವಹಾರವೆಲ್ಲ ಅವರದೇ. ನಾನು ಮೊದಲ ದಿನದಿಂದಲೂ ಅವರನ್ನು ಅಕ್ಕ ಎಂದೇ ಕರೆದೆ. ಕಣ್ಣುಜ್ಜಿಕೊಂಡು ಎದ್ದು ಬಂದು, “ಕೂತ್ಕಳಿ, ಉಳ ಜ್ವರದಲ್ಲವ, ಅದ್ಕ ಒಸಿ ಒರಗಿದ್ದೊ,” ಎಂದರು.

ನಾನು ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿದೆ. ನಮ್ಮ ಯಜಮಾನರೂ ಆಡಿಸಿದರು. ಕೊಳ್ಳೇಗಾಲದವರು ನಾವು. ಹುರಿ ಕಂಡರೆ ಎಷ್ಟು ಎಳೆ ಎಂದು ಹೇಳುತ್ತೇವೆ, ಸೀರೆ ಮುಟ್ಟಿದರೆ ಯಾವ ಬೀದಿಯದು ಎನ್ನುತ್ತೇವೆ. ರೇಷ್ಮೆಯ ವಿಷಯ ಹಳ್ಳಿಯವರನ್ನು ಕೇಳುವುದುಂಟೇ? ದಾರವಾಗುವ ಮೊದಲು ಅದೇನಾಗಿತ್ತು ಎಂಬುದು ನಮಗೆ ಗೊತ್ತೇ ಇಲ್ಲ ಎನ್ನುವುದೂ ಆಗ ನಮಗೆ ಗೊತ್ತಿರಲಿಲ್ಲ.

ಕೊಟ್ಟಿಗೆ ಹುಳದ ಶೆಡ್ಡಿನ ಗೋಡೆಗೆ ಅಂಟಿಕೊಂಡಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದ್ದರು. ಒಣ ನೆಲ, ಮೇವು ಹಾಕುವ ಕಲ್ಲಿನ ಗೊಂತು, ಪಕ್ಕದಲ್ಲಿ ನಮಗೆ ಒಂದು ಕೋಣೆ. ಬಾಡಿಗೆಯ ಬದಲು ಲದ್ದಿ ತೋಟಕ್ಕೆ ಬಿಟ್ಟರೆ ಸಾಕು ಎಂದರು. ಆಮೇಲೆ ಅಕ್ಕ ಬೆರಳು ಎತ್ತಿದರು.

“ಒಗ ಆಕಂಗಿಲ್ಲ. ಬೇವಿನೆಣ್ಣ ಕುದ್ರಗ ಬಳಿಯಂಗಿಲ್ಲ. ಲದ್ದಿ ಬೆಳಗಾಗೆದ್ದು ತೋಟದ ಆ ಕೊನ್ಗ ಆಕ್ಬುಡಬೇಕು, ನೊಣ ಬಂದ್ರ ನನ್ನ ಉಳಕ್ಕ ಕೇಡು. ನಿಮ್ಮೆಜಮಾನ್ರು ಒಗೆಸೊಪ್ಪು ಆಕತ್ತರಾ?”

ನಮ್ಮ ಯಜಮಾನರ ಬಾಯಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪೂ ಇತ್ತು. ಸುಮ್ಮನೆ ನುಂಗಿದರು.

“ಆಕಂಡ್ರ ಶೆಡ್ಡಿನ ಬಾಗ್ಲುಗೂ ಬರಂಗಿಲ್ಲ. ಆ ಕೈ ಸೊಪ್ಪಿಗ ತಾಗಿದ್ರ ಉಳ ವಾಂತಿ ಮಾಡ್ಕಂಡು ಸಾಯ್ತವ.”

ಎಲ್ಲಕ್ಕೂ ಒಪ್ಪಿದೆವು. ಅಷ್ಟು ನಿಶ್ಶಬ್ದಕ್ಕೆ ಏನು ಕೇಳಿದರೂ ಒಪ್ಪುತ್ತಿದ್ದೆವು.

ಅದೇ ವಾರ ಹೊರಟೆವು. ಬಿಸಿಲೇರುವ ಮೊದಲೇ ಯಜಮಾನರು ಎರಡನ್ನೂ ನಡೆಸಿಕೊಂಡು ಹೋದರು, ಅವಳು ರಸ್ತೆಯ ಒಳಬದಿಗೆ, ಅವನು ಹೊರಬದಿಗೆ, ಬಸ್ಸು ಬಂದರೆ ಅವನೇ ಗೋಡೆ. ನಾನು ಹಿಂದೆ ಲಗೇಜ್ ಆಟೋದಲ್ಲಿ. ಹುರುಳಿ ಮೂಟೆ, ಮೊರ, ಜರಡಿ, ಸ್ಟವ್ವು, ಹಾಸಿಗೆ, ಉಪ್ಪಿನಕಾಯಿ ಜಾಡಿ. ತಲುಪಿದಾಗ ಮತ್ತೆ ಊರು ಮಲಗಿತ್ತು. ಅದೇ ಜಗಲಿ, ಅದೇ ನಾಯಿ. ಎರಡು ಸಲ ಬಂದು ಎರಡು ಸಲವೂ ಹೀಗೇ ಕಂಡ ಮೇಲೆ ಇನ್ನೇನು ಅನುಮಾನ? ಯಜಮಾನರು ಅವಳನ್ನು ಗೊಂತಿಗೆ ಕಟ್ಟಿ, “ತವರು ಸಿಕ್ತು ಕಣೆ,” ಎಂದು ಅವಳ ಕುತ್ತಿಗೆ ತಟ್ಟಿದರು.

ಅವಳು ತಿನ್ನಲಿಲ್ಲ.

ಬಿಳಿಯವನು ತನ್ನ ಪಾಲು ಮುಗಿಸಿ ಅವಳ ಪಾಲಿಗೆ ಕತ್ತು ಚಾಚುತ್ತಿದ್ದ. ಅವಳು ಕಿವಿ ಎರಡನ್ನೂ ಮುಂದೆ ಚೂಪು ಮಾಡಿ ಗೋಡೆಯ ಕಡೆಗೇ ನೋಡುತ್ತ ನಿಂತಳು. ಒಂದು ಕಾಗೆ ಹೆಂಚಿನ ಮೇಲೆ ಕೂತರೆ ಮೈಯೆಲ್ಲ ನಡುಗುತ್ತಿತ್ತು. ಪಾತ್ರೆಯ ಮುಚ್ಚಳ ಜಾರಿದರೆ ಹಗ್ಗ ಜಗ್ಗುತ್ತಿದ್ದಳು. ಕೊಳ್ಳೇಗಾಲದಲ್ಲಿ ಮುಚ್ಚಳವೇನು, ಕೊಡವೇ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಸೊಂಟದ ಮೇಲೆ ಬೆವರು ಬಂತು. ಬೆಲ್ಲ ಕೊಟ್ಟೆ, ಮೂಸಿ ಬಿಟ್ಟಳು. ಪ್ರಯಾಣದ ಸುಸ್ತು ಎಂದರು ಯಜಮಾನರು. ನೀರು ಹೊಸದು ಎಂದೆ ನಾನು. ಒಂದು ಹೊತ್ತಾಯಿತು, ಎರಡು ಹೊತ್ತಾಯಿತು, ಮರುದಿನ ಬೆಳಗಾಯಿತು. ಹಿಂದಿನ ವರ್ಷ ಅವಳು ನಿಂತಿದ್ದ ರೀತಿ ನನಗೆ ನೆನಪಾಗತೊಡಗಿತು. ಇಷ್ಟು ಹುಡುಕಿ ತಂದ ನಿಶ್ಶಬ್ದದಲ್ಲಿ ಕುದುರೆ ಯಾಕೆ ಹೆದರುತ್ತದೆ?

ಅದೇ ದಿನ ಮಧ್ಯಾಹ್ನ ಊರು ಎದ್ದಿತು.

ಮೊದಲು ಒಂದು ಪಂಪ್‌ಸೆಟ್ಟು. ಆಮೇಲೆ ಸೊಪ್ಪಿನ ಹೊರೆ ಹೊತ್ತ ಬೈಕುಗಳು, ಒಂದರ ಹಿಂದೆ ಒಂದು. ಕುಡುಗೋಲು ಮಸೆಯುವ ಸದ್ದು, ಹೆಂಗಸರು ತೋಟದ ಈ ತುದಿಯಿಂದ ಆ ತುದಿಗೆ ಕೂಗುವುದು, ಶೆಡ್ಡಿನೊಳಗೆ ಫೋನಿನಲ್ಲಿ ಹಾಡು. ನಾನು ಕೋಣೆಯಿಂದ ಓಡಿಬಂದೆ. ಯಜಮಾನರು ಆಗಲೇ ಕೊಟ್ಟಿಗೆಯ ಬಾಗಿಲಲ್ಲಿ ತೋಳು ಚಾಚಿ ನಿಂತಿದ್ದರು, ಸದ್ದನ್ನು ಕೈಯಿಂದ ತಡೆಯುವವರ ಹಾಗೆ.

“ಏನಕ್ಕಾ ಇದು?” ಎಂದು ಕೇಳಿದೆ, ಸೊಪ್ಪಿನ ಹೊರೆಯ ಕೆಳಗಿನಿಂದ ಇಣುಕುತ್ತಿದ್ದ ಅಕ್ಕನನ್ನು.

“ಏನು ಏನಕ್ಕ? ಉಳ ಜ್ವರ ಎದ್ದವ. ನಾಕ್ನೇ ಜ್ವರ. ಇನ್ನ ಗೂಡು ಕಟ್ಟಗಂಟ ನಮ್ಗ ಉಣ್ಣಕೂ ಪುರ್ಸೊತ್ತಿಲ್ಲ.”

“ಮತ್ತೆ ನಿನ್ನೆ ಎಲ್ಲ ಸುಮ್ಮನಿದ್ರಿ?”

“ಜ್ವರದಲ್ಲಿ ಅವು ತಿನ್ನಕಿಲ್ಲ, ನಮ್ಗ ಕೆಲ್ಸ ಇಲ್ಲ, ಮನಗ್ತೀವಿ. ಕೊಳ್ಳೇಗಾಲ್ದವ್ರಲ್ವಾ ನೀವು? ತಲ ಆಡಿಸ್ದಲ್ಲ ಅವತ್ತು ಎಮ್ಮಂಗೆ!”

ಹೊರೆ ಇಳಿಸುವಾಗ ಅವರೇ ನಿಧಾನವಾಗಿ ಹೇಳಿದರು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ತಲೆಯೆತ್ತಿ ಅಲ್ಲಾಡದೆ ನಿಂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೇ ಜ್ವರ ಅನ್ನುವುದು. ಊರಿನವರೆಲ್ಲ ಒಂದೇ ಕಡೆಯಿಂದ ಒಂದೇ ದಿನ ಮರಿಹುಳ ತರುವುದರಿಂದ ಎಲ್ಲರ ಮನೆಯ ಹುಳಕ್ಕೂ ಒಂದೇ ದಿನ ಜ್ವರ. ನಾವು ಮೊದಲ ಸಲ ಬಂದದ್ದು ಮೂರನೆಯ ಜ್ವರದ ದಿನ. ಕುದುರೆ ತಂದದ್ದು ನಾಲ್ಕನೆಯದಕ್ಕೆ ಸರಿಯಾಗಿ. ನಡುವಿನ ದಿನಗಳಲ್ಲಿ ಯಾವಾಗ ಬಂದಿದ್ದರೂ ದಾರಿಯಿಂದಲೇ ತಿರುಗಿ ಹೋಗುತ್ತಿದ್ದೆವು.

ಯಜಮಾನರಿಗೆ ಕೋಪ ಬಂತು. ಯಾರ ಮೇಲೆ ಎಂದು ಅವರಿಗೂ ತಿಳಿಯದೆ ನನ್ನ ಮೇಲೆ ಹಾಕಿದರು. “ಮೂಟೆ ಕಟ್ಟು. ಓಗವ.”

“ಎಲ್ಲಿಗೆ ಕಣ್ರಿ?”

“ಎಲ್ಲಿಗೋ.”

“ಎಲ್ಲಿಗೋ ಅನ್ನೋದು ಯಾವ ಬಸ್ಸಿನ ಬೋರ್ಡಲ್ಲಿದೆ?”

ತಿನ್ನದ ಗಬ್ಬದ ಕುದುರೆಯನ್ನು ಬಿಸಿಲಿನಲ್ಲಿ ಮತ್ತೆ ಅಷ್ಟು ದೂರ ನಡೆಸುವುದು ಹೇಗೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ತಣ್ಣಗಿರುವಾಗ ನೋಡೋಣ ಎಂದೆ. ಆದರೂ ಅವರು ಹಗ್ಗಗಳನ್ನು ಸುತ್ತಿಟ್ಟರು.

ಸಂಜೆ ಶೆಡ್ಡಿನಲ್ಲಿ ಹುಳಕ್ಕೆ ಸೊಪ್ಪು ಹಾಕಿ ಎಲ್ಲರೂ ಹೊರಗೆ ಬಂದರು. ಪಂಪ್‌ಸೆಟ್ಟು ದೂರದಲ್ಲಿ ಟಕ ಟಕ ಎನ್ನುತ್ತಿತ್ತು. ಗೋಡೆಯಾಚೆಯಿಂದ ಇನ್ನೊಂದು ಸದ್ದು ಬರತೊಡಗಿತು. ಹುಳಗಳೆಲ್ಲ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ಮಳೆ ಬಂದ ಹಾಗೆ ಕೇಳಿಸುತ್ತದೆ ಎಂದು ಅಕ್ಕ ಹೇಳಿದರು, ಎಲ್ಲರೂ ಹಾಗೇ ಹೇಳುತ್ತಾರಂತೆ. ನನಗೆ ಹಾಗನ್ನಿಸಲಿಲ್ಲ. ಜರಡಿಯಲ್ಲಿ ಹುರುಳಿ ಹಾಕಿ ನಿಧಾನವಾಗಿ ಆಡಿಸಿದರೆ ಬರುತ್ತದಲ್ಲ, ಸರಸರ ಸರಸರ, ಅದು. ಯಾರೋ ಗೋಡೆಯಾಚೆ ಕೂತು ಮುಗಿಯದ ಹುರುಳಿ ಮೂಟೆಯನ್ನು ಜರಡಿ ಹಿಡಿಯುತ್ತಿದ್ದಾರೆ ಅನ್ನಿಸಿತು.

ಅವಳ ಒಂದು ಕಿವಿ ಹಿಂದಕ್ಕೆ ವಾಲಿತು. ಇನ್ನೊಂದು ಗೋಡೆಯ ಕಡೆಗೇ ಇತ್ತು. ಸ್ವಲ್ಪ ಹೊತ್ತಿಗೆ ಅದೂ ವಾಲಿತು. ಮೂಗಿನಿಂದ ದೊಡ್ಡದಾಗಿ ಉಸಿರು ಬಿಟ್ಟು, ತಲೆ ತಗ್ಗಿಸಿ, ಗೊಂತಿನಲ್ಲಿದ್ದ ಹುಲ್ಲಿಗೆ ಬಾಯಿ ಹಾಕಿದಳು. ಹುಲ್ಲು ಮುಗಿಸಿ ನನ್ನ ಕಡೆ ನೋಡಿದಳು. ನೆನೆಸಿದ ಹುರುಳಿ ಕೊಟ್ಟೆ. ಅದನ್ನೂ ಮುಗಿಸಿದಳು.

“ಪಂಪ್‌ಸೆಟ್ಟು ನಮ್ಮ ಬೀದಿ ಮಗ್ಗದಂಗೆ ಹೊಡೀತದೆ, ಅದ್ಕೆ,” ಎಂದರು ಯಜಮಾನರು.

“ಅಲ್ಲ ಕಣ್ರಿ, ಹುರುಳಿ ಸದ್ದು.”

“ಅದೂ ಅಲ್ಲ, ಇದೂ ಅಲ್ಲ,” ಎಂದರು ಅಕ್ಕ ಬಾಗಿಲಿನಲ್ಲಿ ನಿಂತು. “ರೇಷ್ಮೆ ಸೊಪ್ಪಿನ ವಾಸ್ನ ಕುಡ್ದದ. ಒಂದು ಕಟ್ಟು ಆಕಿ ನೋಡಿ.” ಹುಳಕ್ಕೆ ಹಾಕದೆ ಮಿಕ್ಕಿದ್ದ ಒಂದು ಕಟ್ಟು ಎಸೆದರು. ಅವಳು ಅದನ್ನೂ ತಿಂದಳು. ಹಾಗಾಗಿ ಮೂವರ ಮಾತೂ ಗೆದ್ದಿತು, ಯಾವುದು ನಿಜವೆಂದು ಯಾರಿಗೂ ತಿಳಿಯಲಿಲ್ಲ. ಬೆಳಿಗ್ಗೆ ಯಜಮಾನರು ಸುತ್ತಿಟ್ಟಿದ್ದ ಹಗ್ಗಗಳನ್ನು ಬಿಚ್ಚಿ ಗೋಡೆಯ ಗೂಟಕ್ಕೆ ನೇತುಹಾಕಿದರು.

ಹೀಗೆ ಅಲ್ಲಿ ಉಳಿದೆವು. ಬೆಳಗ್ಗೆ ಲದ್ದಿ ಹೊತ್ತು ತೋಟದ ಕೊನೆಗೆ. ನೊಣ ಓಡಿಸಲು ಬೇವಿನ ಹೊಗೆ ಹಾಕುವಂತಿಲ್ಲವಾದ್ದರಿಂದ ಹಳೆ ಸೀರೆಯ ತುಂಡು ಹಿಡಿದು ಬೀಸುತ್ತ ಕೂರುವುದು. ಯಜಮಾನರು ಬಿಳಿಯವನನ್ನು ಕರೆದುಕೊಂಡು ಮೆರವಣಿಗೆಗಳಿಗೆ ಹೋಗಿ ಬರುವರು, ಅಂಗಳಕ್ಕೆ ಕಾಲಿಡುವ ಮೊದಲು ಬಾಯಿ ತೊಳೆದುಕೊಂಡು, ಅಕ್ಕನಿಗೆ ಕೈ ತೋರಿಸಿ. “ಮೂಸ್ಲಾ?” ಎಂದು ಅಕ್ಕ ಗದರುವರು. ಹೊಗೆಸೊಪ್ಪು ಕಡಿಮೆಯಾಯಿತು, ಬಿಟ್ಟುಹೋಗಲಿಲ್ಲ. ಬೇಲಿಯಾಚೆ ಹುಣಿಸೆಮರದ ಪೊಟರೆಯಲ್ಲಿ ಒಂದು ಪೊಟ್ಟಣ ಇರುತ್ತಿತ್ತು. ಅಕ್ಕನಿಗೂ ಅದು ಗೊತ್ತಿತ್ತು ಎಂದು ಕಾಣುತ್ತದೆ.

ಒಂದು ಬೆಳೆ ಮುಗಿದು ಶೆಡ್ಡು ತೊಳೆದು ಖಾಲಿ ಬಿಟ್ಟಾಗ, ಮತ್ತೆ ಜ್ವರದ ದಿನಗಳಲ್ಲಿ, ಊರು ಸುಮ್ಮನಾಗುತ್ತಿತ್ತು. ಅವಳು ಮತ್ತೆ ಕಿವಿ ಚೂಪು ಮಾಡಿ ಅರ್ಧ ತಿಂದು ಬಿಡುತ್ತಿದ್ದಳು. ಆಗ ನಾನು ಗೊಂತಿನ ಮುಂದೆ ಕೂತು ಹುರುಳಿ ಜರಡಿ ಹಿಡಿಯುತ್ತಿದ್ದೆ. ಹಿಡಿದ ಹುರುಳಿಯನ್ನೇ ಮತ್ತೆ ಹಿಡಿಯುತ್ತಿದ್ದೆ. ಒಮ್ಮೊಮ್ಮೆ ತಿನ್ನುತ್ತಿದ್ದಳು, ಒಮ್ಮೊಮ್ಮೆ ಇಲ್ಲ. ಹುರುಳಿ ಸದ್ದೇ ಕಾರಣ ಎನ್ನುವ ನನ್ನ ಲೆಕ್ಕಾಚಾರ ಅಷ್ಟಕ್ಕೇ ಕೆಡುತ್ತಿತ್ತು.

ದಿನ ತುಂಬುತ್ತ ಬಂತು. ಕೆಚ್ಚಲು ಇಳಿಯಿತು. ನಾನು ಅವಳ ಹತ್ತಿರದಿಂದ ಅಲುಗದಂತಾದೆ. ಕೋಣೆಯ ಹಾಸಿಗೆ ಕೊಟ್ಟಿಗೆಯ ಬಾಗಿಲಿಗೆ ಬಂತು, ಅನ್ನದ ತಟ್ಟೆಯೂ ಬಂತು. ಹಿಂದಿನ ಸಲ ಅವಳು ಹಗ್ಗ ಹರಿದದ್ದು ನಾವು ಒಳಗೆ ಊಟಕ್ಕೆ ಕೂತಾಗಲೇ. ಈ ಸಲ ಕಣ್ಣು ತಪ್ಪಿಸಬಾರದು ಎಂದು ಇಬ್ಬರೂ ಸರದಿ ಮಾಡಿಕೊಂಡೆವು. ಅವಳು ತಿರುಗಿ ತಿರುಗಿ ನಮ್ಮನ್ನು ನೋಡುವಳು, ಕಾಲು ಬದಲಿಸುವಳು, ಮಲಗಲು ಮಂಡಿ ಬಗ್ಗಿಸಿ ಮತ್ತೆ ಎದ್ದುಬಿಡುವಳು. ಒಂದು ಬೆಳಗ್ಗೆ ಮೊಲೆತೊಟ್ಟಿನ ತುದಿಯಲ್ಲಿ ಮೇಣದ ಹನಿಯಂಥದು ಕಂಡಿತು. ಡಾಕ್ಟರಿಗೆ ಫೋನ್ ಮಾಡಿದರೆ, ಹತ್ತಿರ ಬಂದಿದೆ, ಹೆದರಿಸಬೇಡಿ, ನಾನು ಸಂಜೆಯೊಳಗೆ ಬರುತ್ತೇನೆ ಎಂದರು.

ಫೋನ್ ಇಡುವಷ್ಟರಲ್ಲಿ ಅಕ್ಕ ಓಡಿಬಂದರು. “ಏಳವ್ವ, ಉಳ ಅಣ್ಣಾಗೋದೊ.”

ಹುಳ ಹಣ್ಣಾಗುವುದೆಂದರೆ ತಿನ್ನುವುದು ನಿಲ್ಲಿಸಿ ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ದಾರ ಉಗುಳಿ ಹಾಳಾಗುತ್ತವೆ. ಆ ದಿನ ಇಡೀ ಮನೆ, ನೆಂಟರು, ದಾರಿಯಲ್ಲಿ ಹೋಗುವವರು, ಎಲ್ಲರೂ ಕೂಲಿಗಳೇ. ಊರಿನ ಎಲ್ಲರ ಮನೆಯಲ್ಲೂ ಅದೇ ದಿನವಾದ್ದರಿಂದ ಯಾರನ್ನು ಕರೆದರೂ ಸಿಗುವುದಿಲ್ಲ.

“ಇವತ್ತು ಬಿಟ್ಬಿಡಕ್ಕಾ. ಇವಳಿಗೆ ಇವತ್ತೇ ಆಗೋ ಹಂಗಿದೆ,” ಎಂದೆ.

“ನಿನ್ ಕುದ್ರ ಕಾಯ್ತದ, ನನ್ ಉಳ ಕಾಯಕಿಲ್ಲ ಕಣವ್ವ.” ಅವರ ಕಣ್ಣಲ್ಲಿ ನೀರೇ ಬಂದಿತ್ತು. “ಒಂದು ಬೆಳ ಎಲ್ಲ ಇವತ್ತೊಂದಿನದಲ್ಲೇ ಇರದು.”

ಒಂದು ಕಡೆ ಮೇಣದ ಹನಿ, ಒಂದು ಕಡೆ ಇಷ್ಟು ದಿನ ಅವಳನ್ನು ಉಳಿಸಿದ ಗೋಡೆಯಾಚೆಯ ಹುಳ. ಯಜಮಾನರ ಮುಖ ನೋಡಿದೆ. “ನಾನಿರ್ತೀನಿ, ನೀನು ಓಗು,” ಎಂದರು. ಕೈಗೆ ಸೋಪು ಹಚ್ಚಿ ತೊಳೆದುಕೊಂಡು ಶೆಡ್ಡಿಗೆ ಹೋದೆ.

ಮೊದಲ ಹುಳ ಹಿಡಿದಾಗ ಮೈ ಜುಂ ಎಂದಿತು. ತಣ್ಣಗೆ, ಮೆತ್ತಗೆ, ಬೆಳಕಿಗೆ ಹಿಡಿದರೆ ಒಳಗೆ ದ್ರಾಕ್ಷಿಯ ಹಾಗೆ. ಇದೇ ಆಮೇಲೆ ನಮ್ಮ ಬೀದಿಗೆ ದಾರವಾಗಿ ಬರುವುದು ಎಂದು ಯೋಚಿಸಲೂ ಬಿಡುವಿರಲಿಲ್ಲ. ಅಕ್ಕ, ಕಿವಿ ಮಂದವಾದ ಅವರ ಗಂಡ, ಅವರ ಸೊಸೆ, ನಾನು, ಎಲ್ಲರ ಕೈಯೂ ಓಡುತ್ತಿತ್ತು. ನಡುವೆ ನಡುವೆ ಕಿಟಕಿಯಿಂದ ಕೂಗುತ್ತಿದ್ದೆ, “ಏನ್ರೀ?” ಎಂದು. “ಏನೂ ಇಲ್ಲ,” ಎಂದು ಉತ್ತರ ಬರುತ್ತಿತ್ತು. ಬಿಸಿಲೇರಿತು. ಚಂದ್ರಿಕೆಗಳನ್ನು ಹೊರಗೆ ನೆರಳಿಗೆ ಹೊರುವವರು ಬೇಕಾದರು. ಅಕ್ಕ ಹೊರಗೆ ಇಣುಕಿ, “ಒಗೆಸೊಪ್ಪಿನಣ್ಣ! ಕೈ ತೊಳ್ಕ! ಉಳ ಮುಟ್ಬ್ಯಾಡ, ಅಂಚು ಇಡ್ಕ!” ಎಂದು ಕೂಗಿದರು. ಯಜಮಾನರು ಬಂದರು. ಒಂದು ಚಂದ್ರಿಕೆ ಹೊತ್ತು ಓಡಿ, ಕೊಟ್ಟಿಗೆ ಇಣುಕಿ, ಮತ್ತೊಂದಕ್ಕೆ ಬರುವುದು. ಆಮೇಲೆ ಇಣುಕುವುದಕ್ಕೂ ಬಿಡುವಾಗಲಿ ಎಂದು ನಾನು ಕೈ ಬೇಗ ಬೇಗ ಓಡಿಸಿದರೆ, ಚಂದ್ರಿಕೆಗಳು ಇನ್ನೂ ಬೇಗ ತುಂಬಿದವು.

ಒಂದು ಹೊತ್ತಿನಲ್ಲಿ ನನಗೆ ಗೊತ್ತಾಯಿತು, ನಾನೂ ಇಲ್ಲಿದ್ದೇನೆ, ಅವರೂ ಇಲ್ಲಿದ್ದಾರೆ. ಕೊಟ್ಟಿಗೆಯಲ್ಲಿ ಯಾರೂ ಇಲ್ಲ. ಕೈಯಲ್ಲಿದ್ದ ಹುಳವನ್ನು ಸೊಸೆಯ ಕೈಗೆ ಇಟ್ಟು ಓಡಿದೆ.

ಬಿಳಿಯವನು ಗೋಡೆಯ ಕಡೆ ಮುಖ ಮಾಡಿ, ತನಗೂ ಇದಕ್ಕೂ ಸಂಬಂಧವಿಲ್ಲದವನ ಹಾಗೆ ನಿಂತಿದ್ದ. ಅವಳು ಹುಲ್ಲಿನ ಮೇಲೆ ನಿಂತು ಏನನ್ನೋ ನೆಕ್ಕುತ್ತಿದ್ದಳು. ಒದ್ದೆಯಾದ ಕಂದು ಮರಿ, ಮುಂಗಾಲು ಒಂದು ಕಡೆ, ಹಿಂಗಾಲು ಒಂದು ಕಡೆ, ಎದ್ದು ಬಿದ್ದು ಎದ್ದು. ನಾನು ಬಾಗಿಲಿನಲ್ಲೇ ಕೂತುಬಿಟ್ಟೆ. ಯಜಮಾನರು ನನ್ನ ಹಿಂದೆ ಬಂದು, ಚಂದ್ರಿಕೆ ಹೊತ್ತುಕೊಂಡೇ ನಿಂತರು. ಇಷ್ಟು ದಿನ ಕಣ್ಣು ತಪ್ಪಿಸದೆ ಕಾದೆವು. ತಪ್ಪಿಸಿದ ಆ ಸ್ವಲ್ಪ ಹೊತ್ತನ್ನೇ ಅವಳು ಆರಿಸಿಕೊಂಡಳೋ, ಅದು ತಾನಾಗಿ ಹಾಗಾಯಿತೋ?

“ಏನಾಯ್ತು?” ಶೆಡ್ಡಿನಿಂದ ಅಕ್ಕನ ಕೂಗು. ಕೈ ತುಂಬ ಹುಳ, ಬರುವಂತಿಲ್ಲ.

“ಹೆಣ್ಣು ಕಣಕ್ಕಾ!”

“ಸರಿಯಾತು! ತಾಯಿಗ ಬೆಲ್ಲ ಕೊಡಿ. ಆ ಚಂದ್ರಿಕ ಇಡ್ಕಂಡು ಅಲ್ಲೇ ನಿಂತ್ಬುಟ್ರಾ? ತತ್ತಾ ಇತ್ಲಾಗ!”

ಸ್ವಲ್ಪ ಹೊತ್ತಿಗೆ ಡಾಕ್ಟರ ಫೋನ್ ಬಂತು. ಪಂಪ್‌ಸೆಟ್ಟು ಹೊಡೆಯುತ್ತಿತ್ತು, ಸೊಸೆ ಯಾರನ್ನೋ ಕರೆಯುತ್ತಿದ್ದಳು, ಅಂಗಳದಲ್ಲಿ ಚಂದ್ರಿಕೆ ಇಳಿಸುವಾಗ ಇಬ್ಬರು ಜಗಳವಾಡುತ್ತಿದ್ದರು. ಮರಿ ಮೊಲೆ ಹುಡುಕುತ್ತ ತಾಯಿಯ ಮುಂಗಾಲಿನ ಸಂದಿಯಲ್ಲಿ ಮೂತಿ ತೂರಿಸಿತ್ತು. ಅವಳು ಎರಡೂ ಕಿವಿಗಳನ್ನು ಸಡಿಲ ಬಿಟ್ಟುಕೊಂಡು ನಿಂತಿದ್ದಳು.

“ಹಲೋ, ಏನ್ರೀ ಅಲ್ಲಿ ಅಷ್ಟೊಂದು ಗಲಾಟೆ? ನೀವು ಎಲ್ಲಿದ್ದೀರಿ? ಕುದುರೆ ಎಲ್ಲಿದೆ?” ಎಂದರು ಡಾಕ್ಟರು.

ನಾನು ಮರಿಯ ಮೂತಿಯನ್ನು ಕೆಚ್ಚಲಿನ ಕಡೆಗೆ ತಿರುಗಿಸಿದೆ.

“ಕುದುರೆ ಹತ್ರಾನೇ ಇದ್ದೀನಿ ಸಾ,” ಎಂದೆ.